ಹೃದಯ ಚಿಕಿತ್ಸೆಗೂ ಒಂದು ಅಂಕಪಟ್ಟಿ

ಮೂವತ್ತನಾಲ್ಕು ವರ್ಷ ಗಣಿತ ಪಾಠ ಹೇಳಿದವನಿಗೆ ‘ಫಲಿತಾಂಶ’ ಎಂಬ ಪದ ನಿವೃತ್ತಿಯ ಬಳಿಕವೂ ಬೆನ್ನು ಬಿಡುವುದಿಲ್ಲ. ಈಗಲೂ ಮೇ ತಿಂಗಳು ಬಂತೆಂದರೆ ಯಾವ ಶಾಲೆಗೆ ಶೇಕಡ ಎಷ್ಟು ಬಂತೆಂದು ಪತ್ರಿಕೆಯಲ್ಲಿ ಹುಡುಕುತ್ತೇನೆ. ಹುಡುಕಿದ ಮೇಲೆ ಆ ಒಂದು ಸಂಖ್ಯೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂದು ಯೋಚಿಸುತ್ತ ಕೂರುವುದೂ ಉಂಟು. ನನ್ನ ಹಳೆಯ ವಿದ್ಯಾರ್ಥಿಗಳು ಈಗ ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ವಯಸ್ಸಿನವರಾಗಿದ್ದಾರೆ. ಕೆಲವರು ತಮ್ಮದೇ ಎದೆಯನ್ನು ತೋರಿಸಿಕೊಳ್ಳಲು ಹೋಗುತ್ತಿದ್ದಾರೆ. ದೂರವಾಣಿ ಮಾಡಿದಾಗ ಅವರಲ್ಲಿ ಹಲವರು ಕೇಳುವುದು ಒಂದೇ ಪ್ರಶ್ನೆ: “ಸಾರ್, ಬೈಪಾಸ್ ಆಗಬೇಕಂತೆ. ಯಾವ ಆಸ್ಪತ್ರೆ ಒಳ್ಳೆಯದು?” ನಾನು ವೈದ್ಯನಲ್ಲ, ಉತ್ತರ ನನಗೆ ತಿಳಿಯದು. ಆದರೆ ಇದೇ ಪ್ರಶ್ನೆಗೆ ಉತ್ತರ ಕೊಡಲು ದೂರದ ಒಂದು ರಾಜ್ಯವು ಮಾಡಿದ ಪ್ರಯತ್ನವನ್ನು ಇಪ್ಪತ್ತು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಅದರ ಕಥೆಯಲ್ಲಿ ನಮ್ಮ ಶಾಲೆಯ ಕಥೆಯೂ ಸೇರಿಕೊಂಡಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

2004ರ ಬೇಸಗೆಯಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆಂದು ಅಮೆರಿಕದ ಆಲ್ಬನಿ ನಗರಕ್ಕೆ ಹೋಗಿದ್ದೆವು. ನ್ಯೂಯಾರ್ಕ್ ರಾಜ್ಯಕ್ಕೆ ಅದೇ ರಾಜಧಾನಿ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಕಾಲ ಕಳೆಯಲು ನನಗೆ ಸಾರ್ವಜನಿಕ ಗ್ರಂಥಾಲಯವೇ ಗತಿ. ಅಲ್ಲಿ ಒಂದು ದಿನ ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ತೆಳ್ಳಗಿನ ವರದಿಯೊಂದು ಕೈಗೆ ಸಿಕ್ಕಿತು. ಬೈಪಾಸ್ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು. ಒಳಗೆ ಸಾಲು ಸಾಲಾಗಿ ಆಸ್ಪತ್ರೆಗಳ ಹೆಸರು. ಪ್ರತಿಯೊಂದರ ಮುಂದೆ ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಆಯಿತು, ಎಷ್ಟು ಮಂದಿ ತೀರಿಕೊಂಡರು, ಎಷ್ಟು ಮಂದಿ ತೀರಿಕೊಳ್ಳಬಹುದೆಂಬ ನಿರೀಕ್ಷೆ ಇತ್ತು ಎಂಬ ಅಂಕಿಗಳು. ಕೆಲವು ಪುಟ ದಾಟಿದರೆ ಶಸ್ತ್ರವೈದ್ಯರ ಹೆಸರುಗಳೂ ಹಾಗೆಯೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಳೆಯನ್ನು ಇಷ್ಟು ವರ್ಷ ನೋಡಿದವನಿಗೆ ಅದು ಅಪರಿಚಿತ ವಸ್ತುವೆನಿಸಲಿಲ್ಲ. ಇಲ್ಲಿ ಅನುತ್ತೀರ್ಣರಾದವರು ಮತ್ತೆ ಪರೀಕ್ಷೆಗೆ ಕೂರಲಾರರು ಎಂಬುದೊಂದೇ ವ್ಯತ್ಯಾಸ.

ಈ ಪದ್ಧತಿ ಶುರುವಾದುದು 1989ರಲ್ಲಿ. ರಾಜ್ಯದ ಸುಮಾರು ಮೂವತ್ತು ಆಸ್ಪತ್ರೆಗಳಲ್ಲಿ ಬೈಪಾಸ್ ನಡೆಯುತ್ತಿತ್ತು. ಒಂದೇ ಶಸ್ತ್ರಚಿಕಿತ್ಸೆ, ಒಂದೇ ರಾಜ್ಯ. ಆದರೆ ಸಾವಿನ ಪ್ರಮಾಣ ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಲವು ಪಟ್ಟು ಬೇರೆಯಾಗಿತ್ತು. ಆರೋಗ್ಯ ಇಲಾಖೆಯ ಆಯುಕ್ತರಾಗಿದ್ದ ಡಾ. ಡೇವಿಡ್ ಆಕ್ಸೆಲ್‌ರಾಡ್ ಅವರಿಗೆ ಇದು ಸಹಿಸುವ ಸಂಗತಿಯೆನಿಸಲಿಲ್ಲ. ಪ್ರತಿಯೊಬ್ಬ ರೋಗಿಯ ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ, ಹಿಂದಿನ ಹೃದಯಾಘಾತ, ಹೃದಯ ರಕ್ತವನ್ನು ತಳ್ಳುವ ಬಲ ಇವೆಲ್ಲವನ್ನೂ ಆಸ್ಪತ್ರೆಗಳು ಬರೆದು ಕಳಿಸಬೇಕೆಂದು ಇಲಾಖೆ ಗೊತ್ತುಮಾಡಿತು.

ಇಷ್ಟೆಲ್ಲ ವಿವರ ಏಕೆಂದು ಗಣಿತದ ಮೇಷ್ಟರಾಗಿ ಒಂದು ಸಣ್ಣ ಲೆಕ್ಕದಿಂದ ಹೇಳುತ್ತೇನೆ. ಈ ಅಂಕಿಗಳು ಕರಿಹಲಗೆಗಾಗಿ ನಾನೇ ಕಲ್ಪಿಸಿಕೊಂಡವು. ಎರಡು ಆಸ್ಪತ್ರೆಗಳಿವೆ ಎನ್ನೋಣ. ಎರಡರಲ್ಲಿಯೂ ನೂರು ನೂರು ಮಂದಿಗೆ ಬೈಪಾಸ್ ಆಯಿತು. ಮೊದಲನೆಯದರಲ್ಲಿ ಇಬ್ಬರು, ಎರಡನೆಯದರಲ್ಲಿ ನಾಲ್ವರು ತೀರಿಕೊಂಡರು. ಮೊದಲನೆಯದೇ ಮೇಲು ಎಂದು ಮುಂದಿನ ಬೆಂಚಿನವರು ಕೂಡಲೇ ಕೈ ಎತ್ತುತ್ತಾರೆ. ನಿಲ್ಲಿ. ಮೊದಲನೆಯ ಆಸ್ಪತ್ರೆಗೆ ಬಂದವರು ಬಹುಪಾಲು ಗಟ್ಟಿಮುಟ್ಟಾದವರು. ರಾಜ್ಯದ ಒಟ್ಟು ಅನುಭವದ ಪ್ರಕಾರ ಅಂಥವರಲ್ಲಿ ನೂರಕ್ಕೆ ಒಬ್ಬರು ಮಾತ್ರ ತೀರಿಕೊಳ್ಳಬೇಕಿತ್ತು. ಎರಡನೆಯದಕ್ಕೆ ಬಂದವರು ವೃದ್ಧರು, ಬಹುರೋಗಿಗಳು. ಅವರಲ್ಲಿ ಆರು ಸಾವು ನಿರೀಕ್ಷಿತವಾಗಿತ್ತು. ರಾಜ್ಯದ ಸರಾಸರಿ ಶೇಕಡ 3 ಎಂದಿಟ್ಟುಕೊಂಡರೆ, ನಡೆದ ಸಾವನ್ನು ನಿರೀಕ್ಷಿತ ಸಾವಿನಿಂದ ಭಾಗಿಸಿ ಸರಾಸರಿಯಿಂದ ಗುಣಿಸಬೇಕು. ಮೊದಲನೆಯದಕ್ಕೆ ಶೇಕಡ 6, ಎರಡನೆಯದಕ್ಕೆ ಶೇಕಡ 2 ಬರುತ್ತದೆ. ಲೆಕ್ಕ ತಿರುಗಿಬಿತ್ತು! ಎರಡನೆಯ ಆಸ್ಪತ್ರೆಯೇ ಹೆಚ್ಚು ಸಮರ್ಥವಾದುದು. ರೋಗಿಯ ಅಪಾಯಕ್ಕೆ ಹೊಂದಿಸಿದ ಮರಣಪ್ರಮಾಣ ಎಂದರೆ ಇದು. ಇಬ್ಬರು, ನಾಲ್ವರು ಎಂಬಂಥ ಸಣ್ಣ ಸಂಖ್ಯೆಗಳಲ್ಲಿ ಅದೃಷ್ಟದ ಪಾಲೂ ಇರುವುದರಿಂದ, ಆ ವರದಿ ಪ್ರತಿಯೊಂದು ಅಂಕಿಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿಯನ್ನು ಕೊಡುತ್ತದೆ. ರಾಜ್ಯದ ಸರಾಸರಿ ಆ ಮಿತಿಗಳ ನಡುವೆ ಬೀಳದಿದ್ದರೆ ಮಾತ್ರ ಆ ಹೆಸರಿಗೆ ಗುರುತು ಹಾಕುತ್ತಾರೆ. ವೈದ್ಯರ ಅಂಕಿಗಳನ್ನು ಮೂರು ವರ್ಷಗಳವನ್ನು ಕೂಡಿಸಿ ಕೊಡುವುದೂ ಇದೇ ಕಾರಣಕ್ಕೆ.

ಮೊದಲು ಇಲಾಖೆ ಪ್ರಕಟಿಸಿದುದು ಆಸ್ಪತ್ರೆಗಳ ಪಟ್ಟಿಯನ್ನು ಮಾತ್ರ, 1990ರ ಕೊನೆಯಲ್ಲಿ. ವೈದ್ಯರ ಹೆಸರುಗಳು ಕಡತದಲ್ಲೇ ಉಳಿದಿದ್ದವು. ನ್ಯೂಸ್‌ಡೇ ಎಂಬ ಪತ್ರಿಕೆ ಮಾಹಿತಿ ಸ್ವಾತಂತ್ರ್ಯದ ಕಾನೂನಿನ ಅಡಿಯಲ್ಲಿ ನ್ಯಾಯಾಲಯಕ್ಕೆ ಹೋಗಿ ಗೆದ್ದು, 1991ರಲ್ಲಿ ವೈದ್ಯರ ಅಂಕಿಗಳನ್ನು ಹೆಸರು ಸಹಿತ ಅಚ್ಚುಮಾಡಿತು. ವೈದ್ಯಸಮೂಹದಲ್ಲಿ ಕೋಲಾಹಲವೇ ಆಯಿತು. ಗೋಡೆಯ ಮೇಲೆ ತನ್ನ ಹೆಸರಿನ ಮುಂದೆ ಅಂಕಿ ಬರೆದುದನ್ನು ಇಷ್ಟಪಡುವವರು ಯಾವ ವೃತ್ತಿಯಲ್ಲಿಯೂ ಕಡಿಮೆ. ಆದರೆ ಆಮೇಲೆ ಬಾಗಿಲು ಮುಚ್ಚಲಾಗಲಿಲ್ಲ. ಇಲಾಖೆಯೇ ಆ ಅಂಕಿಗಳನ್ನು ಪ್ರಕಟಿಸತೊಡಗಿತು.

ಇದರಿಂದ ಪ್ರಯೋಜನವಾಯಿತೆ? 1989ರಲ್ಲಿ ರಾಜ್ಯದಲ್ಲಿ ಬೈಪಾಸ್ ಮಾಡಿಸಿಕೊಂಡವರಲ್ಲಿ ಶೇಕಡ 3.52ರಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು; 1992ರಲ್ಲಿ ಅದು ಶೇಕಡ 2.78ಕ್ಕೆ ಇಳಿಯಿತು. ರೋಗಿಗಳ ಅಪಾಯಕ್ಕೆ ಹೊಂದಿಸಿದ ಲೆಕ್ಕದಲ್ಲಿ ಇಳಿಕೆ ಇನ್ನೂ ಹೆಚ್ಚು, 4.17ರಿಂದ 2.45ಕ್ಕೆ, ಅಂದರೆ ಶೇಕಡ 41ರಷ್ಟು. ವರ್ಷಕ್ಕೆ ಬೆರಳೆಣಿಕೆಯಷ್ಟು ಬೈಪಾಸ್ ಮಾಡುತ್ತಿದ್ದ 27 ಮಂದಿ ವೈದ್ಯರು ಆ ಅವಧಿಯಲ್ಲಿ ರಾಜ್ಯದಲ್ಲಿ ಆ ಕೆಲಸವನ್ನು ನಿಲ್ಲಿಸಿದರು.

ಒಂದು ಆಸ್ಪತ್ರೆಯ ಕಥೆಯನ್ನು ಹೇಳಲೇಬೇಕು. ಅದು ನಾವಿದ್ದ ಆಲ್ಬನಿಯ ಸೇಂಟ್ ಪೀಟರ್ಸ್ ಆಸ್ಪತ್ರೆ. ಪಟ್ಟಿಯಲ್ಲಿ ಅದರ ಮರಣಪ್ರಮಾಣ ಸರಾಸರಿಗಿಂತ ಹೆಚ್ಚೆಂದು ಕಾಣಿಸಿತು. ಮೊದಲು ಅಲ್ಲಿಯ ವೈದ್ಯರು ಲೆಕ್ಕದಲ್ಲೇ ತಪ್ಪಿರಬೇಕೆಂದು ಹುಡುಕಿದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಕೂಡಿದ್ದು ಸರಿಯಿದೆಯೇ ನೋಡಿ ಎಂದು ಕೇಳುವುದು ಸಹಜವೇ ಅಲ್ಲವೆ? ಕೂಡಿದ್ದು ಸರಿಯಾಗಿಯೇ ಇತ್ತು. ಆಗ ಅವರು ತಮ್ಮ ರೋಗಿಗಳನ್ನು ಗುಂಪುಗುಂಪಾಗಿ ವಿಂಗಡಿಸಿ ನೋಡಿದರು. ದಿನ ಗೊತ್ತುಮಾಡಿಕೊಂಡು ಬಂದವರ ಫಲಿತಾಂಶ ಚೆನ್ನಾಗಿಯೇ ಇತ್ತು. ತೊಂದರೆ ಇದ್ದುದು ಹೃದಯಾಘಾತವಾಗಿ ತುರ್ತಾಗಿ ಬಂದವರಲ್ಲಿ. 1992ರಲ್ಲಿ ಅಂಥವರ ಮರಣಪ್ರಮಾಣ ಇಡೀ ರಾಜ್ಯದಲ್ಲಿ ಶೇಕಡ 7 ಇದ್ದರೆ ಇಲ್ಲಿ ಶೇಕಡ 26 ಇತ್ತು. ಬಂದ ರೋಗಿಯನ್ನು ನೇರವಾಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯುವ ಅವಸರವೇ ಅಪಾಯಕರವಾಗಿತ್ತು. ಅಲ್ಲಿಂದ ಮುಂದೆ, ಮಹಾಪಧಮನಿಯೊಳಗೆ ಬಲೂನ್ ಪಂಪ್ ಇಟ್ಟು ಹೃದಯದ ಹೊರೆಯನ್ನು ಇಳಿಸುವಂಥ ಉಪಾಯಗಳಿಂದ ಮೊದಲು ರೋಗಿಯನ್ನು ಸ್ಥಿಮಿತಕ್ಕೆ ತಂದು, ಬಳಿಕ ಶಸ್ತ್ರಚಿಕಿತ್ಸೆ ಮಾಡತೊಡಗಿದರು. 1993ರಲ್ಲಿ ತುರ್ತಾಗಿ ಬಂದ 54 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಹೊಸ ಕಟ್ಟಡ, ಹೊಸ ವೈದ್ಯ ಯಾರೂ ಬೇಕಾಗಲಿಲ್ಲ. ಅಂಕಿಯನ್ನು ನೋಡಿದ ಮೇಲೆ ಅಂಕಿಯ ಹಿಂದೆ ಏನಿದೆಯೆಂದು ನೋಡುವ ತಾಳ್ಮೆ ಮಾತ್ರ ಬೇಕಾಯಿತು.

ಹಾಗಾದರೆ ಜನ ಆ ಪಟ್ಟಿಯನ್ನು ಹಿಡಿದುಕೊಂಡು ಒಳ್ಳೆಯ ಆಸ್ಪತ್ರೆಗಳ ಬಾಗಿಲಲ್ಲಿ ಸಾಲುಗಟ್ಟಿ ನಿಂತರೆ? ಇಲ್ಲ. ಇದು ನನಗೆ ಅತ್ಯಂತ ಆಶ್ಚರ್ಯ ತಂದ ಸಂಗತಿ. ಮಗಳ ಮನೆಯ ಪಕ್ಕದಲ್ಲಿದ್ದ ವೃದ್ಧರಿಗೆ ಬೈಪಾಸ್ ಆಗಿತ್ತು. ಬೇಲಿಯ ಬಳಿ ನಿಂತು ಮಾತನಾಡುವಾಗ ಆ ವರದಿಯ ವಿಷಯ ಎತ್ತಿದೆ. ಅಂಥದೊಂದು ಇದೆಯೆಂದೇ ಅವರಿಗೆ ತಿಳಿದಿರಲಿಲ್ಲ. “ನನ್ನ ಡಾಕ್ಟರು ಅಲ್ಲಿಗೆ ಹೋಗು ಎಂದರು, ಹೋದೆ” ಎಂದರು. ಅವರೊಬ್ಬರೇ ಹಾಗಲ್ಲ. ಪಕ್ಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿಯೂ ಇಂಥ ಪಟ್ಟಿ ಪ್ರಕಟವಾಗುತ್ತಿತ್ತು. ಅಲ್ಲಿ ಬೈಪಾಸ್ ಆದ ರೋಗಿಗಳನ್ನು ಕೇಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಸ್ತ್ರಚಿಕಿತ್ಸೆಗೆ ಮೊದಲು ಪಟ್ಟಿಯ ವಿಷಯ ತಿಳಿದಿದ್ದವರು ಶೇಕಡ 12 ಮಾತ್ರ. ತಮ್ಮ ವೈದ್ಯರಿಗೆ ಅದರಲ್ಲಿ ಎಂಥ ಸ್ಥಾನವಿದೆಯೆಂದು ಸರಿಯಾಗಿ ತಿಳಿದಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ. ನಾವಿನ್ನೂ ಆಲ್ಬನಿಯಲ್ಲಿದ್ದಾಗಲೇ, 2004ರ ಸೆಪ್ಟೆಂಬರಿನಲ್ಲಿ, ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಗೆ ನ್ಯೂಯಾರ್ಕ್ ನಗರದಲ್ಲಿ ಬೈಪಾಸ್ ಆಯಿತು. ಆಗ ಲಭ್ಯವಿದ್ದ ಪಟ್ಟಿಯ ಪ್ರಕಾರ ಅವರು ಸೇರಿದ ಆಸ್ಪತ್ರೆಯ ಮರಣಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚಾಗಿತ್ತು! ಶಸ್ತ್ರಚಿಕಿತ್ಸೆ ಯಶಸ್ವಿಯಾಗಿಯೇ ನಡೆಯಿತೆನ್ನಿ. ದೇಶವನ್ನಾಳಿದವರೇ ಪಟ್ಟಿ ನೋಡಿ ಆಸ್ಪತ್ರೆ ಆರಿಸಲಿಲ್ಲವೆಂದ ಮೇಲೆ ಎದೆನೋವಿನಿಂದ ನರಳುವ ಸಾಮಾನ್ಯ ಮನುಷ್ಯ ಎಲ್ಲಿ ನೋಡಿಯಾನು?

ಆದುದರಿಂದ ಪಟ್ಟಿಯ ನಿಜವಾದ ಓದುಗರು ರೋಗಿಗಳಲ್ಲ; ಪಟ್ಟಿಯಲ್ಲಿ ಹೆಸರಿರುವವರೇ. ನೂರಾರು ಮಂದಿ ನೋಡಬಹುದೆಂಬ ಭಯದಿಂದ ಅವರು ತಮ್ಮನ್ನು ತಾವೇ ನೋಡಿಕೊಂಡರು. ಒಳ್ಳೆಯದಾದುದೂ ಅದರಿಂದಲೇ, ಕೆಟ್ಟದಾದುದೂ ಅದರಿಂದಲೇ.

ಕೆಟ್ಟದರ ಮಾತಿಗೆ ಬರುತ್ತೇನೆ. ರೋಗಿಯ ಅಪಾಯ ಹೆಚ್ಚೆಂದು ಬರೆದರೆ ನಿರೀಕ್ಷಿತ ಸಾವು ಹೆಚ್ಚುತ್ತದೆ, ಹೊಂದಿಸಿದ ಅಂಕಿ ಇಳಿಯುತ್ತದೆ ಎಂಬುದನ್ನು ಆಸ್ಪತ್ರೆಗಳು ಬೇಗನೆ ಅರಿತವು. 1989ರಲ್ಲಿ ನ್ಯೂಯಾರ್ಕಿನ ಬೈಪಾಸ್ ರೋಗಿಗಳಲ್ಲಿ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದೆಯೆಂದು ಬರೆಸಿಕೊಂಡವರು ಶೇಕಡ 6.9 ಇದ್ದರೆ, 1991ರ ವೇಳೆಗೆ ಅದು ಶೇಕಡ 17.4 ಆಯಿತು. ಎರಡೇ ವರ್ಷಗಳಲ್ಲಿ ಅಷ್ಟು ಜನರ ಶ್ವಾಸಕೋಶ ಹದಗೆಟ್ಟಿತೆಂದು ಯಾರು ನಂಬಿಯಾರು? ಹಿಂದೆ ಅಲಕ್ಷ್ಯದಿಂದ ಬಿಟ್ಟುಹೋಗುತ್ತಿದ್ದುದು ಈಗ ದಾಖಲಾಗಿರಲೂಬಹುದು; ಧಾರಾಳವಾಗಿ ಬರೆದಿರಲೂಬಹುದು. ಆದ್ದರಿಂದ ಶೇಕಡ 41ರ ಇಳಿಕೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಯಾವ ಹೊಂದಾಣಿಕೆಯೂ ಇಲ್ಲದ ಬರಿಯ ಅಂಕಿ ಕೂಡ 3.52ರಿಂದ 2.78ಕ್ಕೆ ಇಳಿದಿದೆ ಎಂಬುದನ್ನು ಮಾತ್ರ ನಂಬುತ್ತೇನೆ.

ಕಾಗದದ ಮೇಲಿನ ಈ ಜಾಣತನಕ್ಕಿಂತ ಗಂಭೀರವಾದ ಆಪಾದನೆ ಇನ್ನೊಂದಿದೆ. ಅಂಕಿ ಕೆಡುತ್ತದೆಂಬ ಅಂಜಿಕೆಯಿಂದ ವೈದ್ಯರು ತೀರಾ ಅಪಾಯದಲ್ಲಿರುವ ರೋಗಿಗಳನ್ನು ಮುಟ್ಟದೆ ಬಿಟ್ಟರೆ? ಪೆನ್ಸಿಲ್ವೇನಿಯದ ಹೃದ್ರೋಗ ತಜ್ಞರನ್ನು ಕೇಳಿ 1996ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತೀವ್ರ ಕಾಯಿಲೆಯವರಿಗೆ ಶಸ್ತ್ರವೈದ್ಯರನ್ನು ಒಪ್ಪಿಸುವುದು ಹಿಂದಿಗಿಂತ ಕಷ್ಟವಾಗಿದೆಯೆಂದು ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದರು. ಇದೇ ಮಾತು ಆಂಜಿಯೋಪ್ಲಾಸ್ಟಿಗೂ ಬಂದಿತು. ಪಟ್ಟಿ ಪ್ರಕಟಿಸುವ ಮೂರು ರಾಜ್ಯಗಳನ್ನು ಪ್ರಕಟಿಸದ ನೆರೆಯ ರಾಜ್ಯಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಹೃದಯಾಘಾತವಾದ ವೃದ್ಧ ರೋಗಿಗಳಿಗೆ ಆಂಜಿಯೋಪ್ಲಾಸ್ಟಿ ಮಾಡುವುದು ಪಟ್ಟಿಯಿರುವ ರಾಜ್ಯಗಳಲ್ಲೇ ಕಡಿಮೆ ಎಂದು ಅದು ತೋರಿಸಿತು. ಹೃದಯ ಕುಸಿದು ರಕ್ತದೊತ್ತಡ ಬಿದ್ದುಹೋದ ರೋಗಿಗಳಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತಿತ್ತು. ನ್ಯೂಯಾರ್ಕ್ ರಾಜ್ಯ ಈ ತೊಡಕನ್ನು ಮೊದಲೇ ಮನಗಂಡು, ಅಂಥ ಕುಸಿತದ ರೋಗಿಗಳನ್ನು 2006ರಿಂದ ಪ್ರಕಟಿತ ಲೆಕ್ಕದಿಂದಲೇ ಹೊರಗಿಟ್ಟಿತ್ತು. ಅಂಕಿಗೆ ಹೆದರಿ ಕೈಬಿಡುವುದಕ್ಕಿಂತ ಅಂಕಿಯನ್ನೇ ಬಿಟ್ಟು ರೋಗಿಯನ್ನು ಹಿಡಿಯಲಿ ಎಂಬುದು ಅದರ ಆಶಯ.

ಇದನ್ನು ಓದಿದಾಗ ನನಗೆ ಪರದೇಶದ ಸಂಗತಿಯೆನಿಸಲೇ ಇಲ್ಲ. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದರಲ್ಲಿ, ಹೆಸರು ಬೇಡ, ಎಸ್ಸೆಸ್ಸೆಲ್ಸಿಯ ಶೇಕಡವಾರು ಫಲಿತಾಂಶದ ಮೇಲೆ ಆಡಳಿತ ಮಂಡಳಿಯ ಕಣ್ಣು ಬಿತ್ತು. ಪಕ್ಕದೂರಿನ ಶಾಲೆಯನ್ನು ಹಿಂದೆ ಹಾಕಬೇಕು. ಅದಕ್ಕೆ ಕಂಡುಹಿಡಿದ ಉಪಾಯ ಬಹಳ ಸುಲಭವಾದುದು: ತೇರ್ಗಡೆಯಾಗುವ ಭರವಸೆಯಿಲ್ಲದ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ನಿಲ್ಲಿಸುವುದು, ಇಲ್ಲವೇ ವರ್ಗಾವಣೆ ಪತ್ರ ಕೊಟ್ಟು ಕಳಿಸುವುದು. ಶಿಕ್ಷಕರ ಸಭೆಯಲ್ಲಿ ನಾನೂ ಇನ್ನಿಬ್ಬರೂ ವಿರೋಧಿಸಿದೆವು, ಮಾತು ನಡೆಯಲಿಲ್ಲ. ಆ ವರ್ಷ ಶಾಲೆಯ ಫಲಿತಾಂಶ ಎದ್ದು ಕಾಣುವಷ್ಟು ಏರಿತು. ಸನ್ಮಾನವೂ ಆಯಿತು, ಶಾಲುಗಳೂ ಬಂದವು. ಆದರೆ ಯಾವ ಮಗುವೂ ಹಿಂದಿನ ವರ್ಷಕ್ಕಿಂತ ಒಂದು ಲೆಕ್ಕವನ್ನೂ ಹೆಚ್ಚಾಗಿ ಕಲಿತಿರಲಿಲ್ಲ. ನಿಲ್ಲಿಸಿದ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಶಾಲೆಯ ಕಡೆಗೆ ಬರಲಿಲ್ಲ. ನಮ್ಮ ಶಾಲೆಗೆ ಅತ್ಯಂತ ಅಗತ್ಯವಿದ್ದವರು ಅವರೇ. ಹೊಂದಿಸದ ಬರಿಯ ಶೇಕಡವನ್ನು ಗೋಡೆಗೆ ಅಂಟಿಸಿದರೆ ಆಗುವುದು ಇದು. ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳಿ ಅರವತ್ತು ತರುವ ಮೇಷ್ಟರು ಸೋತವರಂತೆಯೂ, ಮನೆಯಲ್ಲೇ ಕಲಿತು ಬರುವ ಮಕ್ಕಳಿಂದ ತೊಂಬತ್ತು ತರುವವರು ಗೆದ್ದವರಂತೆಯೂ ಕಾಣುತ್ತಾರೆ.

ಈಗ ನಮ್ಮ ಮನೆಯ ಒಂದು ಸಂಗತಿ. ನೆಂಟರಿಗೆಲ್ಲ ತಿಳಿದಿರುವುದೇ. 2011ರಲ್ಲಿ ನನ್ನ ಅಣ್ಣನಿಗೆ ಹೃದಯದ ಮೂರು ರಕ್ತನಾಳಗಳೂ ಮುಚ್ಚಿಕೊಂಡಿವೆಯೆಂದು ತಿಳಿಯಿತು. ವಯಸ್ಸು ಎಪ್ಪತ್ತೆರಡು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ದುರ್ಬಲವಾದ ಮೂತ್ರಪಿಂಡ, ಆಗಲೇ ಎರಡು ಬಾರಿ ಹೃದಯಾಘಾತ. ಮೊದಲು ಹೋದ ಆಸ್ಪತ್ರೆಯಲ್ಲಿ ಕಾಗದಗಳನ್ನು ತಿರುವಿ ನೋಡಿ, ಔಷಧದಲ್ಲೇ ಮುಂದುವರಿಯೋಣ ಎಂದರು. ಕಾರಣ ಕೇಳಿದರೆ ಬಿಡಿಸಿ ಹೇಳಲಿಲ್ಲ. ಎರಡನೆಯ ಆಸ್ಪತ್ರೆಯ ಶಸ್ತ್ರವೈದ್ಯರು ನಮ್ಮನ್ನು ಕೂರಿಸಿಕೊಂಡು ಹೇಳಿದರು: ನಿಮ್ಮಂಥ ಸ್ಥಿತಿಯ ಹತ್ತು ಮಂದಿಯಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು ಮನೆಗೆ ಹಿಂದಿರುಗಲಾರರು, ಮಾಡದೆ ಬಿಟ್ಟರೂ ಬಹಳ ಕಾಲ ಸಿಗುವಂತಿಲ್ಲ, ನೀವು ಒಪ್ಪಿದರೆ ನಾನು ಸಿದ್ಧ. ಅಣ್ಣ ನನ್ನ ಕಡೆ ತಿರುಗಿ, “ಹತ್ತಕ್ಕೆ ಎಂಟು ಒಳ್ಳೆಯ ಅಂಕವೇ ಅಲ್ಲವೇನೋ ಮೇಷ್ಟ್ರೆ?” ಎಂದು ನಕ್ಕ. ಒಪ್ಪಿಗೆಯ ಕಾಗದಕ್ಕೆ ಅವನೇ ಸಹಿ ಹಾಕಿದ.

ಶಸ್ತ್ರಚಿಕಿತ್ಸೆಯಾದ ಮೇಲೆ ಹೃದಯ ಚೆನ್ನಾಗಿಯೇ ಕೆಲಸ ಮಾಡಿತು. ಮೂತ್ರಪಿಂಡಗಳು ಕೈಕೊಟ್ಟವು. ಒಂಬತ್ತನೆಯ ದಿನ ಅಣ್ಣ ತೀರಿಕೊಂಡ. ಆ ವೈದ್ಯರು ಹೊರಗೆ ಬಂದು ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ನ್ಯೂಯಾರ್ಕಿನ ಆ ವರದಿಯನ್ನು ನೆನೆದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಇಲ್ಲಿಯೂ ಒಂದು ಪಟ್ಟಿ ಇದ್ದಿದ್ದರೆ, ಬರಿಯ ಸಾವುಗಳನ್ನಷ್ಟೇ ಎಣಿಸುವ ಪಟ್ಟಿಯಾಗಿದ್ದರೆ, ನಮ್ಮಣ್ಣನನ್ನು ಮುಟ್ಟದ ಆಸ್ಪತ್ರೆಯ ಅಂಕಿ ಶುಭ್ರವಾಗಿರುತ್ತಿತ್ತು. ಅವನಿಗೊಂದು ಅವಕಾಶ ಕೊಟ್ಟ ವೈದ್ಯರ ಹೆಸರಿನ ಮುಂದೆ ಒಂದು ಸಾವು ಸೇರಿರುತ್ತಿತ್ತು. ಅಪಾಯವನ್ನು ಹೊಂದಿಸಿದ ಪಟ್ಟಿಯಲ್ಲಾದರೆ ಆ ಸಾವಿನ ಜೊತೆಗೆ ಅವನ ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಎಲ್ಲವೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುತ್ತಿದ್ದವು. ಎರಡು ಪಟ್ಟಿಗಳಿಗೂ ಇರುವ ಅಂತರ ಗಣಿತದ್ದಷ್ಟೇ ಅಲ್ಲ; ನ್ಯಾಯದ್ದು.

ಹಾಗಾದರೆ ಪ್ರಕಟಣೆಯೇ ಬೇಡ, ವೈದ್ಯರೇ ತಮ್ಮತಮ್ಮಲ್ಲಿ ಸರಿಪಡಿಸಿಕೊಳ್ಳಲಿ ಎನ್ನುವವರಿದ್ದಾರೆ. ಅದಕ್ಕೂ ಒಳ್ಳೆಯ ನಿದರ್ಶನವಿದೆ. ನ್ಯೂಯಾರ್ಕಿಗೆ ಈಶಾನ್ಯದಲ್ಲಿರುವ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಹೃದಯ ಶಸ್ತ್ರವೈದ್ಯರು 1987ರಲ್ಲಿ ಒಂದು ಕೂಟ ಕಟ್ಟಿಕೊಂಡರು. ಅಂಕಿಗಳನ್ನು ತಮ್ಮೊಳಗೇ ಹಂಚಿಕೊಂಡರು. 1990-91ರಲ್ಲಿ ಒಬ್ಬರ ಆಸ್ಪತ್ರೆಗೆ ಇನ್ನೊಬ್ಬರ ತಂಡ ಹೋಗಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಿಂತು, ನೀವು ಇದನ್ನು ಹೀಗೇಕೆ ಮಾಡುತ್ತೀರಿ ಎಂದು ಕೇಳಿ ಕಲಿತುಬಂದರು. ಆಮೇಲೆ ಅವರ ಆಸ್ಪತ್ರೆಗಳಲ್ಲಿ ಬೈಪಾಸ್ ಸಾವು ನಿರೀಕ್ಷೆಗಿಂತ ಶೇಕಡ 24ರಷ್ಟು ಇಳಿಯಿತು. ಯಾವ ಪತ್ರಿಕೆಯೂ ಹೆಸರು ಅಚ್ಚುಹಾಕಿರಲಿಲ್ಲ. ನಮ್ಮ ಮೇಷ್ಟರುಗಳು ಒಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬರು ಕುಳಿತು ಪಾಠ ಕೇಳುವ ಪದ್ಧತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇದನ್ನು ಓದಿ ಅಂದುಕೊಂಡೆ.

ಆದರೆ ಎಲ್ಲ ಕಡೆಯೂ ಅಂಥ ಸಜ್ಜನಿಕೆ ಇರುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ಕಳಪೆಯಾಗಿತ್ತು. 1988ರಲ್ಲಿ ಅಲ್ಲಿಗೆ ಅರಿವಳಿಕೆ ತಜ್ಞರಾಗಿ ಬಂದ ಡಾ. ಸ್ಟೀಫನ್ ಬೋಲ್ಸಿನ್ ತಾವೇ ಲೆಕ್ಕ ಬರೆದಿಟ್ಟು ಮೇಲಿನವರಿಗೆ ತೋರಿಸಿದರು. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಸರ್ ಇಯಾನ್ ಕೆನಡಿಯವರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ವರದಿ 2001ರಲ್ಲಿ ಬಂದಾಗ ತಿಳಿದುದೇನು? 1991ರಿಂದ 1995ರ ನಡುವೆ, ಒಂದು ವರ್ಷ ತುಂಬದ ಮಕ್ಕಳಲ್ಲಿ 30ರಿಂದ 35 ಮಂದಿ ಬೇರೆ ಸಾಮಾನ್ಯ ಆಸ್ಪತ್ರೆಯಲ್ಲಾಗಿದ್ದರೆ ಸಾಯುತ್ತಿರಲಿಲ್ಲ. ಅಂಕಿ ಅಲ್ಲಿಯೂ ಇತ್ತು. ಬೀರುವಿನೊಳಗೆ ಇತ್ತು.

ನನಗೆ ತೋರುವುದಿಷ್ಟು. ಒಳಗೆ ಕಲಿಯುವ ಮನಸ್ಸಿಲ್ಲದಿದ್ದರೆ ಪ್ರಕಟಣೆಯಿಂದ ಬರುವುದು ನಮ್ಮ ಶಾಲೆಯ ಶಾಲು ಸನ್ಮಾನವಷ್ಟೆ. ಹೊರಗಿನ ಕಣ್ಣಿಲ್ಲದಿದ್ದರೆ ಕಲಿಯುವ ಮನಸ್ಸು ಎಲ್ಲರಿಗೂ ತಾನಾಗಿ ಬರುವುದಿಲ್ಲ. ಪ್ರಕಟಿಸಬೇಕು, ಆದರೆ ಕಷ್ಟದ ರೋಗಿಯನ್ನು ತೆಗೆದುಕೊಂಡವರಿಗೆ ಪೆಟ್ಟು ಬೀಳದ ಹಾಗೆ ಲೆಕ್ಕ ಹಾಕಿ ಪ್ರಕಟಿಸಬೇಕು.

ಇದು ಹೊಸ ಮಾತೂ ಅಲ್ಲ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ನೂರು ವರ್ಷಗಳಿಗೂ ಹಿಂದೆ, ಪ್ರತಿಯೊಬ್ಬ ರೋಗಿಯೂ ಕೊನೆಗೆ ಏನಾದನೆಂದು ಆಸ್ಪತ್ರೆ ಹಿಂಬಾಲಿಸಿ ನೋಡಿ ಬಹಿರಂಗಪಡಿಸಬೇಕೆಂದು ವಾದಿಸಿದರು. ದೊಡ್ಡ ಆಸ್ಪತ್ರೆ ಒಪ್ಪದಿದ್ದಾಗ ರಾಜೀನಾಮೆ ಕೊಟ್ಟು ಹೊರಬಂದರು. ತಮ್ಮದೇ ಸಣ್ಣ ಆಸ್ಪತ್ರೆಯಿಂದ 1911-1916ರ ನಡುವೆ ಮನೆಗೆ ಕಳಿಸಿದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳನ್ನು ತಾವೇ ಎಣಿಸಿ ಅಚ್ಚುಹಾಕಿಸಿದರು. ಜೀವನದ ಬಹುಭಾಗವನ್ನು ಸಹೋದ್ಯೋಗಿಗಳ ಅಸಮಾಧಾನದ ನಡುವೆ ಕಳೆದು 1940ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 2014ರಲ್ಲಿ.

ನಮ್ಮಲ್ಲಿ ಆಸ್ಪತ್ರೆವಾರು ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಸರ್ಕಾರವೇ ಹೀಗೆ ಲೆಕ್ಕ ಹಾಕಿ ಜನರ ಮುಂದಿಡುವ ಪದ್ಧತಿ ಇಲ್ಲ. ಸ್ಟೆಂಟಿನ ಬೆಲೆಗೆ 2017ರಲ್ಲಿ ಕೇಂದ್ರವು ಮಿತಿ ಹಾಕಿತು. ಔಷಧಲೇಪಿತ ಸ್ಟೆಂಟಿಗೆ ಆಗ ಗೊತ್ತುಮಾಡಿದ ಬೆಲೆ 29,600 ರೂಪಾಯಿ. ಅದರಿಂದ ಸಾವಿರಾರು ಕುಟುಂಬಗಳಿಗೆ ಅನುಕೂಲವಾಯಿತು. ಬೆಲೆ ಎಷ್ಟೆಂದು ಕೇಳುವ ಧೈರ್ಯ ಇಂದು ನಮಗೆ ಬಂದಿದೆ. ಅದನ್ನು ಹಾಕಿಸಿಕೊಂಡವರು ಹೇಗಿದ್ದಾರೆಂದು ಕೇಳುವ ಧೈರ್ಯ ಇನ್ನೂ ಬರಬೇಕು.

ಆದುದರಿಂದ, ಯಾವ ಆಸ್ಪತ್ರೆ ಒಳ್ಳೆಯದೆಂದು ನನ್ನನ್ನು ಕೇಳುವ ವಿದ್ಯಾರ್ಥಿಗಳಿಗೆ ಈಗ ನಾಲ್ಕು ಪ್ರಶ್ನೆಗಳನ್ನು ಬರೆದುಕೊಡುತ್ತೇನೆ. ವೈದ್ಯರನ್ನು ವಿನಯದಿಂದಲೇ ಕೇಳಿ. ಈ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಂದಿಗೆ ಮಾಡುತ್ತೀರಿ? ನಮ್ಮ ತಂದೆಯಂಥ ವಯಸ್ಸು, ಇಂಥ ಕಾಯಿಲೆಗಳಿದ್ದವರಲ್ಲಿ ನೂರಕ್ಕೆ ಎಷ್ಟು ಮಂದಿ ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ? ಮಾಡಿಸದಿದ್ದರೆ ಏನಾದೀತು? ಮನೆಗೆ ಹೋದವರು ಆಮೇಲೆ ಹೇಗಿದ್ದಾರೆಂದು ನೀವು ಲೆಕ್ಕ ಇಡುತ್ತೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಉತ್ತರ ಹೇಳುವವರನ್ನು ನಾನೇ ಕಂಡಿದ್ದೇನೆ. ಯಾರಾದರೂ “ನಮ್ಮಲ್ಲಿ ಯಾರಿಗೂ ಏನೂ ಆಗುವುದಿಲ್ಲ” ಎಂದರೆ ಮಾತ್ರ, ನೀವು ಬೇಡವೆಂದು ಕಳಿಸಿದವರು ಎಷ್ಟು ಮಂದಿ ಎಂಬ ಐದನೆಯ ಪ್ರಶ್ನೆಯನ್ನೂ ಕೇಳಿ.

ನಿಮ್ಮಲ್ಲಿ ವೈದ್ಯರಾಗಿರುವವರು, ದಾದಿಯರಾಗಿರುವವರು ಹಲವರಿದ್ದೀರಿ. ಈ ಲೆಕ್ಕ ನಿಮ್ಮ ಆಸ್ಪತ್ರೆಗಳಲ್ಲಿ ನಡೆಯುತ್ತಿದೆಯೇ, ನಡೆದರೆ ಯಾರು ನೋಡುತ್ತಾರೆ ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿ. ಅತ್ತಿಗೆಗೂ ಓದಿ ಹೇಳುತ್ತೇನೆ; ಅವರು ಈಗಲೂ ಆ ವೈದ್ಯರ ಕ್ಷೇಮವನ್ನು ವಿಚಾರಿಸುತ್ತಿರುತ್ತಾರೆ.